ಕುಡುಗೋಲು ಕಣ ರಕ್ತಹೀನತೆ

ಕುಡುಗೋಲು ಕಣ ರಕ್ತಹೀನತೆ ಅಥವಾ ಸಿಕಲ್ ಸೆಲ್ ಅನೀಮಿಯಾ ಎಂಬುದು ಕೆಂಪು ರಕ್ತಕಣಗಳಲ್ಲಿರುವ ಹೀಮೋಗ್ಲೋಬಿನ್ನಿಗೆ ಸಂಬಂಧಿಸಿದ ಒಂದು ಆನುವಂಶಿಕ ಕಾಯಿಲೆ. ಸಹಜವಾಗಿ ದುಂಡಗೆ, ನಡುವೆ ತಗ್ಗಾದ ಬಿಲ್ಲೆಯಂತಿರುವ ಕೆಂಪು ರಕ್ತಕಣಗಳು ಈ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗುತ್ತವೆ. ಇದು ಸೋಂಕಿನಿಂದಾಗಲಿ, ಸ್ಪರ್ಶದಿಂದಾಗಲಿ, ಆಹಾರದ ಕೊರತೆಯಿಂದಾಗಲಿ ಬರುವುದಿಲ್ಲ. ತಂದೆ ಮತ್ತು ತಾಯಿ ಇಬ್ಬರಿಂದಲೂ ಬದಲಾದ ವಂಶವಾಹಿಯನ್ನು ಪಡೆದ ಮಗುವಿನಲ್ಲಿ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಮಾತ್ರ ಪಡೆದವರನ್ನು 'ವಾಹಕರು' ಎನ್ನುತ್ತಾರೆ.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿಯೂ ನೀಟ್ ಪರೀಕ್ಷೆಯ ಪಠ್ಯಕ್ರಮದಲ್ಲಿಯೂ ಈ ಕಾಯಿಲೆ ಮೆಂಡಲೀಯ ಕಾಯಿಲೆಗಳ ಉದಾಹರಣೆಯಾಗಿ ಬರುತ್ತದೆ. ಉತ್ಪರಿವರ್ತನೆ, ಪ್ರೋಟೀನಿನ ರಚನೆ, ಅನುವಂಶೀಯತೆ ಮತ್ತು ನೈಸರ್ಗಿಕ ಆಯ್ಕೆ ಎಂಬ ನಾಲ್ಕು ಮೂಲ ಪರಿಕಲ್ಪನೆಗಳನ್ನು ಇದೊಂದರ ಮೂಲಕವೇ ಅರಿಯಬಹುದು.

ಸಂಶೋಧನೆಯ ಇತಿಹಾಸ

1910ರಲ್ಲಿ ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾ ದ್ವೀಪದಿಂದ ದಂತವೈದ್ಯ ಶಿಕ್ಷಣಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಬಾಗಿದ ಕಣಗಳನ್ನು ಕಂಡ ಬಗ್ಗೆ ವರದಿ ಪ್ರಕಟಿಸಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಹೋದ್ಯೋಗಿಗಳು ರೋಗಿಗಳ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ರೀತಿಯೇ ಬೇರೆ ಎಂದು ತೋರಿಸಿ, ಇದನ್ನು 'ಅಣುಮಟ್ಟದ ಕಾಯಿಲೆ' ಎಂದು ಕರೆದರು. 1950ರ ದಶಕದ ನಡುವಿನಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್, ಆ ವ್ಯತ್ಯಾಸವು ಒಂದೇ ಒಂದು ಅಮೈನೋ ಆಮ್ಲದ್ದೆಂದು ಕಂಡುಹಿಡಿದನು.

ಕಾರಣ

ವಯಸ್ಕರ ಹೀಮೋಗ್ಲೋಬಿನ್ ಅಣುವಿನಲ್ಲಿ ಎರಡು ಆಲ್ಫಾ ಮತ್ತು ಎರಡು ಬೀಟಾ ಪ್ರೋಟೀನ್ ಸರಪಳಿಗಳಿರುತ್ತವೆ. ಬೀಟಾ ಸರಪಳಿಯ ವಂಶವಾಹಿಯು 11ನೆಯ ವರ್ಣತಂತುವಿನ ಮೇಲಿದೆ. ಇದು ಲಿಂಗ ವರ್ಣತಂತುವಲ್ಲವಾದ್ದರಿಂದ ಗಂಡು ಮತ್ತು ಹೆಣ್ಣು ಮಕ್ಕಳಿಗೆ ಕಾಯಿಲೆ ಬರುವ ಸಂಭವ ಸಮಾನ.

ಈ ವಂಶವಾಹಿಯ ಒಂದು ಪ್ರತ್ಯಾಮ್ಲ ಬದಲಾದಾಗ, ಸಂದೇಶವಾಹಕ ಆರ್‌ಎನ್‌ಎಯಲ್ಲಿ 'ಜಿಎಜಿ' ಎಂಬ ಸಂಕೇತವು 'ಜಿಯುಜಿ' ಆಗುತ್ತದೆ. ಪರಿಣಾಮವಾಗಿ 146 ಅಮೈನೋ ಆಮ್ಲಗಳುಳ್ಳ ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಸೇರುತ್ತದೆ. ಗ್ಲುಟಾಮಿಕ್ ಆಮ್ಲವು ನೀರಿಗೆ ಒಗ್ಗುವಂಥದು. ವ್ಯಾಲೀನ್ ನೀರಿನಿಂದ ದೂರ ಸರಿಯುವಂಥದು. ಆದ್ದರಿಂದ ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗಿ, ರಕ್ತಕಣವನ್ನು ಒಳಗಿನಿಂದ ಸೆಟೆಸುತ್ತವೆ.

ಹೀಗೆ ಸೆಟೆದ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತಸಂಚಾರಕ್ಕೆ ತಡೆಯೊಡ್ಡುವುದರಿಂದ ಮೂಳೆ, ಎದೆ, ಹೊಟ್ಟೆಗಳಲ್ಲಿ ತೀವ್ರ ನೋವು ಉಂಟಾಗುತ್ತದೆ. ಸಹಜ ಕಣ ಸುಮಾರು 120 ದಿನ ಬಾಳಿದರೆ, ಇವು 10ರಿಂದ 20 ದಿನಗಳಲ್ಲಿ ನಾಶವಾಗುತ್ತವೆ. ರಕ್ತಹೀನತೆಗೆ ಮುಖ್ಯ ಕಾರಣ ಇದೇ ಹೊರತು ಕಬ್ಬಿಣಾಂಶದ ಕೊರತೆಯಲ್ಲ. ಕಬ್ಬಿಣದ ಮಾತ್ರೆಯಿಂದ ಈ ಕಾಯಿಲೆ ಗುಣವಾಗದು. ಗುಲ್ಮಕ್ಕೆ ಹಾನಿಯಾಗುವುದರಿಂದ ಎಳೆಯ ಮಕ್ಕಳು ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತಾರೆ.

ಅನುವಂಶೀಯತೆ

ಸಹಜ ಅಲೀಲನ್ನು 'ಎ' ಎಂದೂ ಬದಲಾದ ಅಲೀಲನ್ನು 'ಎಸ್' ಎಂದೂ ಗುರುತಿಸಿದರೆ ಮೂರು ಜೀನ್ ನಮೂನೆಗಳು ಸಾಧ್ಯ: ಎ-ಎ (ಸಹಜ), ಎ-ಎಸ್ (ವಾಹಕ), ಎಸ್-ಎಸ್ (ರೋಗಿ). ಇಬ್ಬರು ವಾಹಕರ ಮಗು ಸಹಜವಾಗಿರುವ ಸಂಭವ 1/4, ವಾಹಕವಾಗುವ ಸಂಭವ 1/2, ರೋಗಿಯಾಗುವ ಸಂಭವ 1/4. ವಾಹಕ ಹಾಗೂ ಸಹಜ ವ್ಯಕ್ತಿಯ ಮಕ್ಕಳಲ್ಲಿ ಯಾರಿಗೂ ಈ ಕಾಯಿಲೆ ಬರುವುದಿಲ್ಲ. ಆದರೆ ಪ್ರತಿಯೊಂದು ಮಗುವೂ ವಾಹಕವಾಗುವ ಸಂಭವ 1/2 ಇರುತ್ತದೆ.

ಇಲ್ಲಿ ವಿದ್ಯಾರ್ಥಿಗಳೂ ಕುಟುಂಬಗಳೂ ಸಾಮಾನ್ಯವಾಗಿ ಎಡವುವ ಒಂದು ಅಂಶವಿದೆ. 1/4 ಎಂದರೆ 'ನಾಲ್ವರಲ್ಲಿ ಒಬ್ಬರಿಗೆ ಬಂದೇ ಬರುತ್ತದೆ' ಎಂದಾಗಲಿ, 'ಒಬ್ಬರಿಗೆ ಬಂದರೆ ಉಳಿದ ಮೂವರು ಪಾರು' ಎಂದಾಗಲಿ ಅರ್ಥವಲ್ಲ. ಪ್ರತಿ ಗರ್ಭಧಾರಣೆಯೂ ಸ್ವತಂತ್ರ ಘಟನೆ. ಮೊದಲ ಮಗುವಿಗೆ ಕಾಯಿಲೆ ಇದ್ದರೂ ಇಲ್ಲದಿದ್ದರೂ ಎರಡನೆಯ ಮಗುವಿಗೆ ಸಂಭವ ಮತ್ತೆ 1/4. ಇಬ್ಬರು ವಾಹಕರ ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಕಾಯಿಲೆ ಬಾರದಿರುವ ಸಂಭವ 81/256, ಅಂದರೆ ಸುಮಾರು ಶೇ. 32. ಇನ್ನು ರೋಗಿಯ ಆರೋಗ್ಯವಂತ ಒಡಹುಟ್ಟಿದವರು ವಾಹಕರಾಗಿರುವ ಸಂಭವ 1/2 ಅಲ್ಲ, 2/3. ಏಕೆಂದರೆ ಅವರು ಎಸ್-ಎಸ್ ಅಲ್ಲವೆಂಬುದು ಆಗಲೇ ತಿಳಿದಿರುತ್ತದೆ.

ಎಸ್ ಅಲೀಲ್ ಪ್ರಬಲವೋ ದುರ್ಬಲವೋ ಎಂಬ ಪ್ರಶ್ನೆಗೆ ಉತ್ತರವು ಯಾವ ಮಟ್ಟದಲ್ಲಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಕಾಯಿಲೆಯ ದೃಷ್ಟಿಯಿಂದ ಅದು ದುರ್ಬಲ. ವಾಹಕರ ರಕ್ತದಲ್ಲಿ ಎರಡೂ ಬಗೆಯ ಹೀಮೋಗ್ಲೋಬಿನ್ ಇರುವುದರಿಂದ ಪ್ರೋಟೀನಿನ ದೃಷ್ಟಿಯಿಂದ ಅದು ಸಹಪ್ರಬಲ. ಕಣಗಳ ಆಕಾರದ ದೃಷ್ಟಿಯಿಂದ ಅಪೂರ್ಣ ಪ್ರಾಬಲ್ಯ.

ಮಲೇರಿಯಾ ಮತ್ತು ನೈಸರ್ಗಿಕ ಆಯ್ಕೆ

ಇಷ್ಟು ಹಾನಿಕಾರಕವಾದ ಅಲೀಲ್ ಜನಸಮುದಾಯಗಳಿಂದ ಏಕೆ ಮರೆಯಾಗಲಿಲ್ಲ? ವಾಹಕರಿಗೆ ತೀವ್ರ ಸ್ವರೂಪದ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆ ಎಂಬುದನ್ನು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದ ಅಧ್ಯಯನದಿಂದ ತೋರಿಸಿದನು. ಮಲೇರಿಯಾ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ವಾಹಕರು ಬದುಕುಳಿದು ಅಲೀಲನ್ನು ಮುಂದಿನ ಪೀಳಿಗೆಗೆ ದಾಟಿಸಿದರು. ಆದ್ದರಿಂದ ವಾಹಕ ಸ್ಥಿತಿಯು ಯಾವುದೇ ಕುಲದ ಕಳಂಕವಲ್ಲ. ಪೂರ್ವಿಕರು ಮಲೇರಿಯಾವನ್ನು ಎದುರಿಸಿ ಬಾಳಿದುದರ ಗುರುತು.

ಭಾರತದಲ್ಲಿ

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲಿಗೆ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಗುರುತಿಸಲಾಯಿತು. ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ರಾಜ್ಯಗಳ ಬುಡಕಟ್ಟುಗಳಲ್ಲಿ ಇದು ಹೆಚ್ಚು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಸೋಲಿಗರೇ ಮೊದಲಾದ ಸಮುದಾಯಗಳಲ್ಲಿಯೂ ಕಂಡುಬಂದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರವು ಈ ಕಾಯಿಲೆಯ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಹಾಗೂ 2047ರೊಳಗೆ ನಿರ್ಮೂಲನೆ ಇದರ ಗುರಿಗಳು.

ಪತ್ತೆ ಮತ್ತು ಚಿಕಿತ್ಸೆ

ನವಜಾತ ಶಿಶುವಿನಲ್ಲಿ ಭ್ರೂಣ ಹೀಮೋಗ್ಲೋಬಿನ್ ಅಧಿಕವಾಗಿರುವುದರಿಂದ ಮೊದಲ ಕೆಲವು ತಿಂಗಳು ಲಕ್ಷಣಗಳು ಕಾಣಿಸುವುದಿಲ್ಲ. ಕರಗುವಿಕೆ ಪರೀಕ್ಷೆಯು ಎಸ್ ಹೀಮೋಗ್ಲೋಬಿನ್ ಇದೆಯೆಂದಷ್ಟೇ ತಿಳಿಸುತ್ತದೆ. ವಾಹಕರೋ ರೋಗಿಯೋ ಎಂದು ಖಚಿತಪಡಿಸಲು ಎಲೆಕ್ಟ್ರೊಫೊರೆಸಿಸ್‌ನಂತಹ ಪರೀಕ್ಷೆ ಬೇಕು. ಹೈಡ್ರಾಕ್ಸಿಯೂರಿಯಾ ಔಷಧವು ಭ್ರೂಣ ಹೀಮೋಗ್ಲೋಬಿನ್ ಪ್ರಮಾಣವನ್ನು ಹೆಚ್ಚಿಸಿ ನೋವಿನ ಪ್ರಸಂಗಗಳನ್ನು ಕಡಿಮೆ ಮಾಡುತ್ತದೆ. ಸಾಕಷ್ಟು ನೀರು ಕುಡಿಯುವುದು, ಲಸಿಕೆಗಳು, ಅಗತ್ಯವಿದ್ದಾಗ ರಕ್ತಪೂರಣ ಇವು ಆರೈಕೆಯ ಭಾಗ. ಹೊಂದಿಕೆಯಾಗುವ ದಾನಿ ದೊರೆತರೆ ಅಸ್ಥಿಮಜ್ಜೆ ಕಸಿಯಿಂದ ಕಾಯಿಲೆ ಗುಣವಾಗಬಲ್ಲದು. 2023ರಲ್ಲಿ ಬ್ರಿಟನ್ ಹಾಗೂ ಅಮೆರಿಕ ಕ್ರಿಸ್ಪರ್ ತಂತ್ರಜ್ಞಾನ ಆಧಾರಿತ ಜೀನ್ ಚಿಕಿತ್ಸೆಗೆ ಅನುಮತಿ ನೀಡಿದವು. ಅದು ಅತ್ಯಂತ ದುಬಾರಿಯಾಗಿದೆ.

ವಾಹಕರಿಗೆ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿಲ್ಲ. ವಿವಾಹಕ್ಕೆ ಅಥವಾ ಗರ್ಭಧಾರಣೆಗೆ ಮುನ್ನ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಂಡು ಆನುವಂಶಿಕ ಸಲಹೆ ಪಡೆದರೆ, ಮುಂದಿನ ಪೀಳಿಗೆಗೆ ಇರುವ ಸಂಭವವನ್ನು ಅರಿತು ನಿರ್ಧಾರ ಕೈಗೊಳ್ಳಬಹುದು.