ಕ್ವಾಂಟಂ ಭೌತವಿಜ್ಞಾನ ಮತ್ತು ವೇದಾಂತ: ಕಾಲಾನುಕ್ರಮದ ಒಂದು ಪರಿಶೀಲನೆ

ಕ್ವಾಂಟಂ ಭೌತವಿಜ್ಞಾನವು ವೇದಾಂತದ ಸತ್ಯವನ್ನು ಪ್ರಯೋಗಗಳ ಮೂಲಕ ದೃಢಪಡಿಸಿದೆ ಎಂಬ ಅಭಿಪ್ರಾಯ ಜನಪ್ರಿಯ ಬರಹಗಳಲ್ಲಿ ವ್ಯಾಪಕವಾಗಿದೆ. ಫ್ರಿಟ್ಯೋಫ್ ಕಾಪ್ರಾ ಅವರ ‘ದಿ ತಾವೋ ಆಫ್ ಫಿಸಿಕ್ಸ್’ (1975) ಪ್ರಕಟವಾದ ಬಳಿಕ ಇಂತಹ ಹೋಲಿಕೆಗಳಿಗೆ ಹೆಚ್ಚಿನ ಪ್ರಚಾರ ದೊರೆಯಿತು. ಇವುಗಳ ಸಮರ್ಥನೆಗೆ ಶ್ರೋಡಿಂಗರ್, ಹೈಸೆನ್‌ಬರ್ಗ್ ಮತ್ತು ಬೋರ್ ಅವರ ಹೆಸರುಗಳನ್ನು ಉಲ್ಲೇಖಿಸುವುದು ವಾಡಿಕೆ. ಆದರೆ ಇತಿಹಾಸದ ಸಾಕ್ಷ್ಯ ಬೇರೆಯೇ ಆಗಿದೆ.

ಶ್ರೋಡಿಂಗರ್ ವೇದಾಂತವನ್ನು ಒಪ್ಪಿದ್ದರೆಂಬುದು ನಿಸ್ಸಂದೇಹ. ಶೋಪೆನ್‌ಹೌರ್‌ನ ಮೂಲಕ ಉಪನಿಷತ್ತುಗಳತ್ತ ಆಕರ್ಷಿತರಾದ ಅವರು 1925ರಲ್ಲಿ ಬರೆದ ತಾತ್ತ್ವಿಕ ಪ್ರಬಂಧದಲ್ಲಿಯೇ ಚೈತನ್ಯದ ಏಕತ್ವವನ್ನು ಪ್ರತಿಪಾದಿಸಿದರು. ತರಂಗ ಸಮೀಕರಣವನ್ನು ಮಂಡಿಸಿದ ಲೇಖನಗಳು ಪ್ರಕಟವಾದುದು 1926ರಲ್ಲಿ. ಆದುದರಿಂದ ಅವರ ವೇದಾಂತನಿಷ್ಠೆ ಆ ಸಮೀಕರಣದ ಫಲವಲ್ಲ. ಆ ಲೇಖನಗಳಾದರೂ ಡಿ ಬ್ರೋಯಿ ಮತ್ತು ಹ್ಯಾಮಿಲ್ಟನ್ನರ ವಿಚಾರಗಳನ್ನು ಆಧರಿಸಿವೆಯೇ ಹೊರತು ಉಪನಿಷತ್ತುಗಳನ್ನಲ್ಲ. ‘ಮೈಂಡ್ ಅಂಡ್ ಮ್ಯಾಟರ್’ (1958) ಕೃತಿಯಲ್ಲಿ ಅವರು, ವಿಷಯ-ವಿಷಯಿಗಳ ನಡುವಿನ ಭೇದವನ್ನು ಅಳಿಸಿದ್ದು ಇತ್ತೀಚಿನ ಭೌತವಿಜ್ಞಾನವೆಂಬ ವಾದವನ್ನೇ ನಿರಾಕರಿಸಿದರು. ಅವರ ದೃಷ್ಟಿಯಲ್ಲಿ ಆ ಭೇದ ಎಂದೂ ಇರಲಿಲ್ಲ.

ಹೈಸೆನ್‌ಬರ್ಗ್ ಕಲ್ಕತ್ತೆಯಲ್ಲಿ ರವೀಂದ್ರನಾಥ ಠಾಕೂರರನ್ನು ಕಂಡದ್ದು 1929ರಲ್ಲಿ. ಅನಿಶ್ಚಿತತಾ ತತ್ತ್ವ ಪ್ರಕಟವಾದುದು 1927ರಲ್ಲಿ. ಬೋರ್ ಪೂರಕತಾ ತತ್ತ್ವವನ್ನು ಮಂಡಿಸಿದ್ದೂ ಅದೇ ವರ್ಷ. ಅವರು ಚೀನಾಕ್ಕೆ ಭೇಟಿ ನೀಡಿದ್ದು 1937ರಲ್ಲಿ. ಯಿನ್-ಯಾಂಗ್ ಚಿಹ್ನೆಯನ್ನು ತಮ್ಮ ಲಾಂಛನದಲ್ಲಿ ಅಳವಡಿಸಿಕೊಂಡದ್ದು 1947ರಲ್ಲಿ. ಈ ಪ್ರಸಂಗಗಳು ಸಾಮ್ಯವನ್ನು ಗುರುತಿಸಿದ ಸೌಜನ್ಯಕ್ಕೆ ನಿದರ್ಶನಗಳಾಗಬಲ್ಲವು. ಸಿದ್ಧಾಂತಗಳ ಮೂಲಕ್ಕೆ ಪ್ರಮಾಣಗಳಾಗಲಾರವು.

ತಪ್ಪುಗ್ರಹಿಕೆಯ ಮತ್ತೊಂದು ಮೂಲ ‘ವೀಕ್ಷಣೆ’ ಎಂಬ ಪದ. ಎರಡು ಸೀಳುಗಳ ಪ್ರಯೋಗದಲ್ಲಿ ಕಣದ ಹಾದಿಯನ್ನು ಉಪಕರಣವೊಂದು ದಾಖಲಿಸಿದೊಡನೆ ವ್ಯತಿಕರಣ ವಿನ್ಯಾಸ ಮರೆಯಾಗುತ್ತದೆ. ಆ ದಾಖಲೆಯನ್ನು ಯಾರೂ ಓದಬೇಕಾಗಿಲ್ಲ. ಮಾಪನದಲ್ಲಿ ಪ್ರಜ್ಞೆಗೆ ಪಾತ್ರವಿದೆಯೆಂದು ವಿಗ್ನರ್ 1961ರಲ್ಲಿ ವಾದಿಸಿದ್ದುಂಟು. ಮುಂದೆ ಅವರೇ ಆ ನಿಲುವನ್ನು ಕೈಬಿಟ್ಟರು. ಮಾಪನದ ಸಮಸ್ಯೆ ಇಂದಿಗೂ ಚರ್ಚೆಯಲ್ಲಿದೆಯಾದರೂ, ಬಗೆಹರಿಯದ ಪ್ರಶ್ನೆಯೊಂದು ಅದ್ವೈತಕ್ಕೆ ಪ್ರಮಾಣವಾಗದು.

ಶಂಕರರ ಬ್ರಹ್ಮಸೂತ್ರಭಾಷ್ಯದ ಪ್ರಕಾರ ಬ್ರಹ್ಮವು ಇಂದ್ರಿಯಗಳಿಗೆ ವಿಷಯವಲ್ಲ. ಅದರ ಜ್ಞಾನಕ್ಕೆ ಶ್ರುತಿಯೇ ಪ್ರಮಾಣ. ಹೀಗಿರುವಾಗ ಅದಕ್ಕೆ ಉಪಕರಣಗಳ ಸಾಕ್ಷ್ಯವನ್ನು ಅರಸುವುದು ಆ ದರ್ಶನದ ಪ್ರಮಾಣವಿಚಾರವನ್ನೇ ಮರೆತಂತೆ. ಭೌತವಿಜ್ಞಾನದ ಸಿದ್ಧಾಂತಗಳು ಪರಿಷ್ಕಾರಕ್ಕೆ ಸದಾ ತೆರೆದಿರುತ್ತವೆ. ಅವುಗಳ ಮೇಲೆ ನಿಲ್ಲಿಸಿದ ವೇದಾಂತವು ಅವುಗಳೊಡನೆಯೇ ಕದಲಬೇಕಾಗುತ್ತದೆ. ಎರಡನ್ನೂ ಅವುಗಳ ಸ್ವಂತ ನೆಲೆಯಲ್ಲಿ ಅಭ್ಯಸಿಸುವುದೇ ಎರಡಕ್ಕೂ ಸಲ್ಲಬೇಕಾದ ಗೌರವ.