ಕಡತದ ಕಾಲ, ಕೂಸಿನ ಕಾಲ

ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ನಮೂನೆಯಲ್ಲಿ ಯಾವುದಕ್ಕೆ ಅಂಕಣವಿದೆಯೋ ಆ ಕೆಲಸ ನಡೆಯುತ್ತದೆ, ಅಂಕಣವಿಲ್ಲದ್ದು ಮರೆತುಹೋಗುತ್ತದೆ. ಅನಾಥ ಶಿಶುಗಳನ್ನು ಆಧುನಿಕ ಸಮಾಜ ಪೋಷಿಸಿದ ಬಗೆಯನ್ನು ಓದುತ್ತ ಹೋದಂತೆ ನಮಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಯಿತು. ಹಾಲು, ಹಾಸಿಗೆ, ಲಸಿಕೆ, ತೂಕ ಇವಕ್ಕೆಲ್ಲ ವಹಿಗಳಲ್ಲಿ ಅಂಕಣಗಳಿದ್ದವು. ಕೂಸು ಅತ್ತಾಗ ಎತ್ತಿಕೊಂಡವರು ಯಾರು, ನಕ್ಕಾಗ ಮರಳಿ ನಕ್ಕವರು ಯಾರು ಎಂಬುದಕ್ಕೆ ಇರಲಿಲ್ಲ. ಆ ಕೊರತೆ ಕಣ್ಣಿಗೆ ಬಿದ್ದದ್ದು 1930ರ ದಶಕದಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ, ಅದೂ ಆಕಸ್ಮಿಕವಾಗಿ.

ಅಲ್ಲಿನ ಒಂದು ಅನಾಥಾಲಯದಲ್ಲಿ ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಶಿಶುಗಳು ಮಲಗುತ್ತಿದ್ದ ತೊಟ್ಟಿಲುಗಳ ಪಕ್ಕಗಳಿಗೆ ಬಟ್ಟೆ ಕಟ್ಟಿರುತ್ತಿದ್ದರು. ಕೂಸಿಗೆ ಕಾಣುತ್ತಿದ್ದುದು ಮೇಲಿನ ಚಾವಣಿ ಮಾತ್ರ. ಹದಿಮೂರು ಮತ್ತು ಹದಿನಾರು ತಿಂಗಳಿನ ಇಬ್ಬರು ಹೆಣ್ಣುಮಕ್ಕಳು ತೀರ ಮಂದವಾಗಿ ಕಂಡದ್ದರಿಂದ ಅವರನ್ನು ಬುದ್ಧಿಮಾಂದ್ಯರ ಆಶ್ರಯಧಾಮಕ್ಕೆ ಸಾಗಿಸಲಾಯಿತು. ಕೆಲವು ತಿಂಗಳ ಮೇಲೆ ಅಲ್ಲಿಗೆ ಹೋದ ಸ್ಕೀಲ್ಸ್ ಅವರಿಗೆ ಅದೇ ಮಕ್ಕಳು ಚುರುಕಾಗಿ, ನಗುತ್ತ ಓಡಾಡುವುದು ಕಂಡಿತು. ಅಲ್ಲಿ ವಾಸವಾಗಿದ್ದ ಹೆಂಗಸರು, ಸಮಾಜ ಮಂದಬುದ್ಧಿಯವರೆಂದು ಬದಿಗಿಟ್ಟಿದ್ದ ಹೆಂಗಸರು, ಆ ಕೂಸುಗಳನ್ನು ಹಗಲೆಲ್ಲ ಎತ್ತಿ ಆಡಿಸಿದ್ದರು. ಅವರೊಡನೆ ಮಾತಾಡಿದ್ದರು.

ಸ್ಕೀಲ್ಸ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಡೈ ಹೀಗೆಯೇ ಒಟ್ಟು 13 ಮಕ್ಕಳನ್ನು ಅಲ್ಲಿಗೆ ಕಳುಹಿಸಿ, ಅನಾಥಾಲಯದಲ್ಲೇ ಉಳಿದ 12 ಮಕ್ಕಳೊಡನೆ ಹೋಲಿಸಿ ನೋಡಿದರು. 1939ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮೊದಲ ಗುಂಪಿನ ಬುದ್ಧಿಸೂಚ್ಯಂಕ ಸರಾಸರಿ ಸುಮಾರು 28 ಅಂಕ ಏರಿತ್ತು. ಎರಡನೆಯ ಗುಂಪಿನದು 26 ಅಂಕ ಇಳಿದಿತ್ತು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾಗುತ್ತದೆಂದು ನಂಬಿದ್ದ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಮತ್ತು ಅವರ ಬಳಗ ಅಯೋವಾದ ಸಂಶೋಧನೆಯನ್ನು ಕಟುವಾಗಿ ಟೀಕಿಸಿತು. ಗುಂಪುಗಳು ಸಣ್ಣವು, ಅಳತೆ ದುರ್ಬಲ ಎಂಬ ಆಕ್ಷೇಪದಲ್ಲಿ ಸ್ವಲ್ಪ ಸತ್ಯವೂ ಇತ್ತು. ಅಷ್ಟರಲ್ಲಿ ಮಹಾಯುದ್ಧ ಬಂದಿತು, ಸ್ಕೀಲ್ಸ್ ಸೇನೆಗೆ ಹೋದರು, ಕೆಲಸ ನಿಂತುಹೋಯಿತು.

ಎರಡು ದಶಕಗಳ ನಂತರ ಅವರು ಆ 25 ಮಂದಿಯನ್ನೂ ಹುಡುಕಿಕೊಂಡು ಹೊರಟರು. 1966ರಲ್ಲಿ ಹೊರಬಂದ ಅವರ ವರದಿಯಲ್ಲಿ ಹೀಗಿದೆ: ಮೊದಲ ಗುಂಪಿನ 13 ಜನರಲ್ಲಿ 11 ಮಂದಿ ಬಾಲ್ಯದಲ್ಲೇ ದತ್ತು ಹೋಗಿದ್ದರು, ಎಲ್ಲರೂ ಸ್ವಂತ ಕಾಲಮೇಲೆ ನಿಂತಿದ್ದರು. ಎರಡನೆಯ ಗುಂಪಿನಲ್ಲಿ ಒಬ್ಬರು ಸಂಸ್ಥೆಯಲ್ಲೇ ತೀರಿಕೊಂಡಿದ್ದರು, ನಾಲ್ವರು ಇನ್ನೂ ಸಂಸ್ಥೆಗಳಲ್ಲಿಯೇ ಇದ್ದರು.

ಈ ನಡುವೆ, 1945ರಲ್ಲಿ, ರೆನೆ ಸ್ಪಿಟ್ಸ್ ಎಂಬ ವೈದ್ಯರು ಎರಡು ಶಿಶುಗೃಹಗಳನ್ನು ಹೋಲಿಸಿ ಬರೆದರು. ಒಂದು ಸೆರೆಮನೆಗೆ ಸೇರಿದ್ದು. ಅಲ್ಲಿ ಶಿಕ್ಷೆಗೊಳಗಾದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಸ್ವಚ್ಛವಾದ, ಒಳ್ಳೆಯ ಆಹಾರ ಮತ್ತು ವೈದ್ಯಕೀಯ ಆರೈಕೆಯಿದ್ದ ಅನಾಥ ಶಿಶುಗೃಹ. ಅಲ್ಲಿ ಒಬ್ಬ ದಾದಿಯ ಪಾಲಿಗೆ ಎಂಟಕ್ಕೂ ಹೆಚ್ಚು ಶಿಶುಗಳು. ಸೆರೆಮನೆಯ ಕೂಸುಗಳು ಬೆಳೆದವು. ಅನಾಥ ಶಿಶುಗೃಹದ 91 ಮಕ್ಕಳಲ್ಲಿ 34 ಮಕ್ಕಳು ಎರಡು ವರ್ಷಗಳೊಳಗೆ ತೀರಿಹೋದವು. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಸಲ್ಲಿಸಿದ ವರದಿ ಇಂಥ ಸಾಕ್ಷ್ಯಗಳನ್ನೆಲ್ಲ ಒಂದೆಡೆ ತಂದಿತು. ಅಂದಮೇಲೆ ಶತಮಾನದ ನಡುಘಟ್ಟದಲ್ಲೇ ಜಗತ್ತಿಗೆ ವಿಷಯ ಗೊತ್ತಿತ್ತು.

ಕಾರಣ ತಿಳಿಸಿದ್ದು ಮಿದುಳಿನ ವಿಜ್ಞಾನ. ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯ ಕೆಲವು ವಾರಗಳು ಮುಚ್ಚಿಟ್ಟರೆ, ಆಮೇಲೆ ತೆರೆದರೂ ಮಿದುಳು ಆ ಕಣ್ಣಿನಿಂದ ಸರಿಯಾಗಿ ನೋಡಲು ಕಲಿಯುವುದಿಲ್ಲವೆಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ತೋರಿಸಿದರು. 1981ರ ನೊಬೆಲ್ ಪ್ರಶಸ್ತಿಯಲ್ಲಿ ಅವರು ಪಾಲು ಪಡೆದರು. ಮಿದುಳು ಎಳವೆಯಲ್ಲಿ ನರಕೋಶಗಳ ನಡುವೆ ಅಗತ್ಯಕ್ಕಿಂತ ಹೆಚ್ಚು ಸಂಪರ್ಕಗಳನ್ನು ಹೆಣೆಯುತ್ತದೆ. ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಉದುರುತ್ತವೆ. ಕೂಸಿನ ತೊದಲಿಗೆ ಹಿರಿಯರು ಕೊಡುವ ಮರುಮಾತು ಈ ಬಳಕೆಯ ಮುಖ್ಯ ಭಾಗ. ಹಾಗಾಗಿ ಅದು ಆಹಾರದಷ್ಟೇ ಅಗತ್ಯ.

ಇಷ್ಟು ತಿಳಿದಿದ್ದೂ ರೊಮೇನಿಯಾದಲ್ಲಿ ದೊಡ್ಡ ದುರಂತ ನಡೆಯಿತು. ಜನಸಂಖ್ಯೆ ಹೆಚ್ಚಿಸಲೆಂದು ಚೌಶೆಸ್ಕು 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ. ಸಾಕಲಾಗದ ಬಡವರ ಮಕ್ಕಳು ಸರ್ಕಾರಿ ಸಂಸ್ಥೆಗಳನ್ನು ತುಂಬಿದರು. 1989ರಲ್ಲಿ ಅವನ ಆಡಳಿತ ಕುಸಿದಾಗ ಅಲ್ಲಿದ್ದ ಮಕ್ಕಳ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ರಾಜಧಾನಿ ಬುಖಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳ ತಂಡ 6ರಿಂದ 31 ತಿಂಗಳ ವಯಸ್ಸಿನ 136 ಮಕ್ಕಳನ್ನು ಆರಿಸಿಕೊಂಡಿತು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಒಪ್ಪಿಸಿ, ಉಳಿದವರ ಆರೈಕೆ ಎಂದಿನಂತೆ ನಡೆಯಲು ಬಿಟ್ಟಿತು. ಇಂಥ ಆಯ್ಕೆ ನ್ಯಾಯವೇ ಎಂಬ ಪ್ರಶ್ನೆ ಆಗಲೂ ಎದ್ದಿತು, ನಮ್ಮನ್ನೂ ಕಾಡುತ್ತದೆ. ಆದರೆ ಅಲ್ಲಿ ಸಾಕು ಕುಟುಂಬದ ವ್ಯವಸ್ಥೆ ಹೆಚ್ಚುಕಡಿಮೆ ಇರಲೇ ಇಲ್ಲ, ತಂಡವೇ ಅದನ್ನು ಕಟ್ಟಬೇಕಾಯಿತು ಎಂಬುದನ್ನೂ ಗಮನಿಸಬೇಕು.

2007ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಕುಟುಂಬಕ್ಕೆ ಹೋದವರ ಬುದ್ಧಿಮತ್ತೆ ಸುಧಾರಿಸಿತ್ತು. ಬೇಗ ಹೋದವರದು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರದು, ಹೆಚ್ಚು ಸುಧಾರಿಸಿತ್ತು. ಎಂಟನೆಯ ವಯಸ್ಸಿಗೆ ಆ ಮಕ್ಕಳ ಮಿದುಳಿನ ವಿದ್ಯುತ್ ಅಲೆಗಳು ಸಂಸ್ಥೆಯನ್ನೇ ಕಾಣದ ಮಕ್ಕಳ ಅಲೆಗಳನ್ನು ಹೋಲುತ್ತಿದ್ದವು. ರೊಮೇನಿಯಾ 2004ರಲ್ಲಿ ಕಾನೂನು ತಂದು, ತೀವ್ರ ಅಂಗವೈಕಲ್ಯವಿರುವವರ ಹೊರತು ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದನ್ನು ನಿಷೇಧಿಸಿತು. ಅಯೋವಾದ ಆ ಹೆಂಗಸರು ಕೂಸುಗಳನ್ನು ಎತ್ತಿ ಆಡಿಸಿ ಆಗ ಸುಮಾರು 70 ವರ್ಷ ಕಳೆದಿತ್ತು.

ನಮ್ಮಲ್ಲಿ ಏನಾಗಿದೆ? 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಂಗನವಾಡಿ ಅಂದಿನಿಂದ ಮಕ್ಕಳನ್ನು ತೂಗಿದೆ, ಉಣಿಸಿದೆ, ಮೂರರಿಂದ ಆರು ವರ್ಷದವರಿಗೆ ಹಾಡು ಆಟ ಕಲಿಸಿದೆ. ಮೂರು ವರ್ಷದೊಳಗಿನವರಿಗೆ ಸಿಕ್ಕಿದ್ದು ಹೆಚ್ಚಾಗಿ ಪೌಷ್ಟಿಕ ಆಹಾರ, ಲಸಿಕೆ ಮತ್ತು ತಕ್ಕಡಿ. ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸಿನೊಡನೆ ಆಡುವ, ಮಾತಾಡುವ ಕ್ರಮಕ್ಕೆಂದೇ ‘ನವಚೇತನ’ ಎಂಬ ರಾಷ್ಟ್ರೀಯ ಚೌಕಟ್ಟನ್ನು ಕೇಂದ್ರ ಸರ್ಕಾರ ಹೊರತಂದದ್ದು 2024ರಲ್ಲಿ. ಅಂಕಣವೊಂದು ತೆರೆಯಲು ಅರ್ಧ ಶತಮಾನ ಬೇಕಾಯಿತು.

ಹೊರನಾಡಿನ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ನೋಟವೊಂದಿದೆ. ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕಾಮಗಾರಿಗಳಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಬಂದವರ ಮಾತು ನಮ್ಮ ಕಿವಿಗೆ ಬೀಳುತ್ತದೆ. ಅವರ ಕೂಸು ಅಲ್ಲೇ ಸೀರೆಯ ಜೋಲಿಯಲ್ಲಿ ಮಲಗಿರುತ್ತದೆ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಇಂಥ ಕೂಸುಗಳನ್ನು ಕಂಡ ಮೀರಾ ಮಹಾದೇವನ್ ಅಲ್ಲಿಯೇ ಶಿಶುಪಾಲನಾ ಕೇಂದ್ರವೊಂದನ್ನು ತೆರೆದರು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ಐವತ್ತಕ್ಕೂ ಹೆಚ್ಚು ಹೆಣ್ಣು ಕಾರ್ಮಿಕರಿರುವ ಕಾಮಗಾರಿಯಲ್ಲಿ ಶಿಶುಗಳಿಗೆ ಕೋಣೆ ಇರಬೇಕೆಂದು 1996ರ ಕಾನೂನು ಹೇಳಿತ್ತು. ನಮ್ಮ ವಸತಿ ಸಂಕೀರ್ಣ ಕಟ್ಟುವಾಗ ಅಂಥ ಕೋಣೆ ಇತ್ತೇ ಎಂದು ನಾವು ಯಾರೂ ಕೇಳಿದವರಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮಕ್ಕಳನ್ನು ಗದರಿಸಲು ಬಳಸುತ್ತೇವೆ. ಈ ಇತಿಹಾಸದ ಬೆಳಕಿನಲ್ಲಿ ಅದು ಹಿರಿಯರಿಗೆ ಹೇಳಿದ ಮಾತಾಗಿ ಕೇಳಿಸುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೆ ದಾರಿಯೇ ಇಲ್ಲವೆಂದಲ್ಲ. ತಡವಾಗಿ ಕುಟುಂಬ ಸೇರಿದವರಿಗೂ ಒಳಿತಾಗಿದೆ. ಆದರೆ ತಡವಾದಷ್ಟೂ ಕೆಲಸ ಕಷ್ಟ.

2015ರ ನಮ್ಮ ಬಾಲನ್ಯಾಯ ಕಾಯ್ದೆ ಸಂಸ್ಥೆಯನ್ನು ಕೊನೆಯ ಉಪಾಯವೆಂದು ಕರೆಯುತ್ತದೆ. ಅನಾಥ ಅಥವಾ ಪರಿತ್ಯಕ್ತ ಮಗು ದತ್ತಕಕ್ಕೆ ಅರ್ಹವೆಂದು ಘೋಷಿಸಲು ಎರಡು ವರ್ಷದವರೆಗಿನವರಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡವರಿಗೆ ನಾಲ್ಕು ತಿಂಗಳು ಎಂದು ಗಡುವು ಹಾಕುತ್ತದೆ. ಕಡತ ಬಾಕಿ ಉಳಿಯುವುದು ನಮ್ಮಂಥ ನೌಕರರಿಗೆ ಅಭ್ಯಾಸವಾದ ಸಂಗತಿ. ಎರಡು ತಿಂಗಳು ನಮ್ಮ ಲೆಕ್ಕದಲ್ಲಿ ತಡವೇ ಅಲ್ಲ. ನಾಲ್ಕು ತಿಂಗಳ ಕೂಸಿಗೆ ಅದು ಅದುವರೆಗಿನ ಆಯುಷ್ಯದ ಅರ್ಧ. ಸಹಿ ಹಾಕುವ ಮೇಜಿನ ಮೇಲೆ ಈ ಲೆಕ್ಕವೂ ಇರಬೇಕೆಂಬುದಷ್ಟೇ ನಮ್ಮ ಅರಿಕೆ.