ಸಾಂಟಾ ಅನಿಟಾ ಪಂದ್ಯದ ಕುದುರೆಗಳ ಸಾವು (2018–19)

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಅನಿಟಾ ಪಾರ್ಕ್ ರೇಸ್ ಕೋರ್ಸಿನಲ್ಲಿ 2018ರ ಡಿಸೆಂಬರ್ 26ರಿಂದ 2019ರ ಜೂನ್ 23ರವರೆಗೆ ನಡೆದ ಪಂದ್ಯಾವಳಿಯ ಅವಧಿಯಲ್ಲಿ 30 ಕುದುರೆಗಳು ಸತ್ತವು. ಇವುಗಳಲ್ಲಿ ಹೆಚ್ಚಿನವು ಪಂದ್ಯದಲ್ಲಿಯೋ ಬೆಳಗಿನ ತಾಲೀಮಿನಲ್ಲಿಯೋ ಕಾಲು ಮುರಿದುಕೊಂಡು, ಬದುಕಿಸಲಾಗದ ಸ್ಥಿತಿಯಲ್ಲಿ ದಯಾಮರಣಕ್ಕೆ ಒಳಗಾದವು. ಕುದುರೆ ಪಂದ್ಯದಲ್ಲಿ ಇಂತಹ ಸಾವು ಹೊಸತಲ್ಲ. ಆದರೆ ಅದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಪಂದ್ಯಾಂಗಣದ ಹೊರಗಿನ ಸಮಾಜ ಗಟ್ಟಿಯಾಗಿ ಕೇಳಿದ್ದು ಈ ಘಟನಾವಳಿಯಿಂದ. ಅದರ ಪರಿಣಾಮ ಅಮೆರಿಕದ ರಾಷ್ಟ್ರೀಯ ಶಾಸನದವರೆಗೂ ಮುಟ್ಟಿತು.

ಹಿನ್ನೆಲೆ

ಲಾಸ್ ಏಂಜಲೀಸ್ ಬಳಿಯ ಆರ್ಕೇಡಿಯ ನಗರದಲ್ಲಿ, ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲಿನ ತಪ್ಪಲಿನಲ್ಲಿರುವ ಸಾಂಟಾ ಅನಿಟಾ 1934ರ ಕ್ರಿಸ್‌ಮಸ್ ದಿನದಂದು ಆರಂಭವಾಯಿತು. ಸೀಬಿಸ್ಕಿಟ್ ಎಂಬ ಪ್ರಸಿದ್ಧ ಕುದುರೆ 1940ರಲ್ಲಿ ತನ್ನ ಕೊನೆಯ ಗೆಲುವನ್ನು ಪಡೆದದ್ದು ಇಲ್ಲಿಯೇ. ಘಟನೆಯ ಕಾಲಕ್ಕೆ ಇದರ ಒಡೆತನ ಸ್ಟ್ರೊನಾಕ್ ಸಮೂಹದ್ದಾಗಿತ್ತು.

ಅಮೆರಿಕದ ಜನಮನದಲ್ಲಿ ಉಳಿದಿರುವ ಹಿಂದಿನ ಕೆಲವು ಸಾವುಗಳನ್ನು ಇಲ್ಲಿ ನೆನೆಯಬೇಕು. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆ ಓಟದ ನಡುವೆ ಮುಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯ ನಂತರ ಅರಿವಳಿಕೆ ಇಳಿಯುತ್ತಿದ್ದಂತೆ ಕಾಲು ಬಡಿದು, ಮಾಡಿದ ಚಿಕಿತ್ಸೆಯೆಲ್ಲ ವ್ಯರ್ಥವಾಯಿತು. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೊ ಎರಡೇ ವಾರಗಳಲ್ಲಿ ಹಿಂಗಾಲು ಮುರಿದುಕೊಂಡು, ಎಂಟು ತಿಂಗಳು ಹೋರಾಡಿ 2007ರ ಜನವರಿಯಲ್ಲಿ ಸತ್ತಿತು. 2008ರ ಡರ್ಬಿಯಲ್ಲಿ ಎರಡನೆಯ ಸ್ಥಾನ ಪಡೆದ ಏಟ್ ಬೆಲ್ಸ್, ಗುರಿ ದಾಟಿದ ಕೂಡಲೇ ಎರಡೂ ಮುಂಗಾಲು ಮುರಿದು ಹಾದಿಯಲ್ಲೇ ಕುಸಿಯಿತು. ಪ್ರತಿ ಸಲವೂ ಶೋಕ ಉಕ್ಕಿತು. ಶೋಕಕ್ಕೆ ತಕ್ಕ ಸುಧಾರಣೆ ಮಾತ್ರ ಅಪರೂಪವಾಗಿತ್ತು.

ಘಟನಾವಳಿ

2019ರ ಆರಂಭದ ತಿಂಗಳುಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎಂದಿಗಿಂತ ಹೆಚ್ಚು ಮಳೆ ಸುರಿಯಿತು. ಫೆಬ್ರವರಿ 23ರಂದು 2017ರ ಬ್ರೀಡರ್ಸ್ ಕಪ್ ಡರ್ಟ್ ಮೈಲ್ ವಿಜೇತ ಬ್ಯಾಟಲ್ ಆಫ್ ಮಿಡ್‌ವೇ ತಾಲೀಮಿನಲ್ಲಿ ಗಾಯಗೊಂಡು ಸತ್ತಿತು. ಹಾದಿಯನ್ನು ಎರಡು ದಿನ ಮುಚ್ಚಿ, ಮಣ್ಣನ್ನು ಪರೀಕ್ಷಿಸಿ, ದೋಷವಿಲ್ಲವೆಂದು ತೆರೆಯಲಾಯಿತು. ಮಾರ್ಚ್ 5ರಂದು ಲೆಟ್ಸ್ ಲೈಟ್ ದ ವೇ ಎಂಬ ನಾಲ್ಕು ವರ್ಷದ ಹೆಣ್ಣು ಕುದುರೆ ಸತ್ತಾಗ ಎಣಿಕೆ 21 ತಲುಪಿತ್ತು. ಅಂದೇ ಪಂದ್ಯಗಳನ್ನು ನಿಲ್ಲಿಸಲಾಯಿತು. ತಾಲೀಮು ಪುನಃ ಆರಂಭವಾದ ಕೆಲವೇ ದಿನಗಳಲ್ಲಿ, ಮಾರ್ಚ್ 14ರಂದು, ಮೂರು ವರ್ಷದ ಪ್ರಿನ್ಸೆಸ್ ಲಿಲಿ ಬಿ ಎರಡೂ ಮುಂಗಾಲು ಮುರಿದುಕೊಂಡಿತು.

ಪಂದ್ಯಗಳು ಮಾರ್ಚ್ 29ರಂದು ಮರಳಿದವು. ಎರಡು ದಿನ ಕಳೆಯುವಷ್ಟರಲ್ಲಿ ಬೆಟ್ಟದ ಇಳಿಜಾರಿನ ಹುಲ್ಲುಹಾದಿ ಮಣ್ಣಿನ ಹಾದಿಯನ್ನು ಅಡ್ಡ ದಾಟುವೆಡೆಯಲ್ಲಿ ಆರ್ಮ್ಸ್ ರನ್ನರ್ ಮುಗ್ಗರಿಸಿ ಸತ್ತಿತು. ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಕುದುರೆ ಪಂದ್ಯ ಮಂಡಳಿ ಉಳಿದ ದಿನಗಳ ಪಂದ್ಯ ನಿಲ್ಲಿಸುವಂತೆ ಕೋರಿತು. ಆಡಳಿತ ಒಪ್ಪಲಿಲ್ಲ. ತಕ್ಷಣ ಪರವಾನಗಿ ಅಮಾನತು ಮಾಡುವ ಅಧಿಕಾರ ಮಂಡಳಿಗೆ ಆಗ ಇರಲಿಲ್ಲ. ಕಾನೂನಿನಂತೆ ಹತ್ತು ದಿನಗಳ ಮುನ್ಸೂಚನೆ ಕೊಡಬೇಕಿತ್ತು. ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಈ ಅಧಿಕಾರ ನೀಡುವ ಮಸೂದೆಗೆ ಜೂನ್ 26ರಂದು ಸಹಿ ಹಾಕಿದರು. ಅಷ್ಟು ಹೊತ್ತಿಗೆ ಪಂದ್ಯಾವಳಿ ಮುಗಿದು ಮೂರು ದಿನವಾಗಿತ್ತು.

ಅದೇ ವರ್ಷ ನವೆಂಬರ್ 2ರಂದು ಇದೇ ಅಂಗಣದಲ್ಲಿ ನಡೆದ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ, ದೂರದರ್ಶನದ ಲಕ್ಷಾಂತರ ವೀಕ್ಷಕರ ಕಣ್ಣೆದುರೇ, ಮಂಗೋಲಿಯನ್ ಗ್ರೂಮ್ ಕಾಲು ಮುರಿದುಕೊಂಡಿತು.

ಕಾರಣಗಳು

ಥರೋಬ್ರೆಡ್ ತಳಿಯ ಪಂದ್ಯದ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಗಂಟೆಗೆ 60 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡುತ್ತದೆ. ನಾಗಾಲೋಟದಲ್ಲಿ ಒಂದು ಕ್ಷಣ ಇಡೀ ದೇಹದ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆ ಒತ್ತಡವನ್ನು ತಾಳಬೇಕಾದದ್ದು ಗೊರಸಿನ ಮೇಲಿನ ಗಿಣ್ಣು. ಅದರ ಹಿಂಬದಿಯಲ್ಲಿರುವ ಎರಡು ಸಣ್ಣ ಸೆಸಮಾಯ್ಡ್ ಮೂಳೆಗಳು (ಎಳ್ಳಿನ ಗ್ರೀಕ್ ಹೆಸರಿನಿಂದ ಬಂದ ಪದವಿದು) ಮುರಿದರೆ ಕಾಲನ್ನು ಹಿಡಿದಿಡುವ ಕಟ್ಟೇ ಸಡಿಲಿ ಹೋಗುತ್ತದೆ. ಮಾರಕ ಗಾಯಗಳಲ್ಲಿ ಬಹುಪಾಲು ಇಲ್ಲಿಯೇ ಆಗುತ್ತವೆ.

ಇಂತಹ ಮುರಿತವನ್ನು ಆಕಸ್ಮಿಕವೆಂದು ಕರೆಯುವ ರೂಢಿ ದೀರ್ಘಕಾಲ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಪಂದ್ಯಾಂಗಣದಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ನಡೆಯುತ್ತಿದ್ದು, ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ಮೂಳೆಗಳಿಂದ ಬೇರೆಯೇ ಚಿತ್ರ ಕಂಡುಕೊಂಡರು: ಬಹುಪಾಲು ಮಾರಕ ಮುರಿತಗಳ ಜಾಗದಲ್ಲಿ ಮೊದಲೇ ಹಳೆಯ ಹಾನಿ ಇತ್ತು. ವೇಗದ ಓಟದಿಂದ ಮೂಳೆಯಲ್ಲಿ ಸೂಕ್ಷ್ಮ ಬಿರುಕುಗಳಾಗುತ್ತವೆ. ದೇಹ ಮೊದಲು ಹಾಳಾದ ಭಾಗವನ್ನು ಕರಗಿಸಿ, ಆಮೇಲೆ ಹೊಸ ಮೂಳೆ ತುಂಬುತ್ತದೆ. ಕರಗುವುದು ಬೇಗ, ತುಂಬುವುದು ನಿಧಾನ. ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಆ ವಾರಗಳಲ್ಲಿ ನೋವು ಮರೆಸುವ ಔಷಧ ಕೊಟ್ಟು ಓಡಿಸಿದರೆ, ಕುದುರೆಗೆ ಇರುವ ಏಕೈಕ ಎಚ್ಚರಿಕೆಯ ಗಂಟೆಯನ್ನೇ ಕಟ್ಟಿಹಾಕಿದಂತೆ.

ಮುರಿದ ಕಾಲಿಗೆ ಪಟ್ಟಿ ಕಟ್ಟಿ ಕುದುರೆಯನ್ನು ಏಕೆ ಉಳಿಸಬಾರದೆಂದು ಓದುಗರಿಗೆ ಅನ್ನಿಸುವುದು ಸಹಜ. ಕುದುರೆ ತಿಂಗಳುಗಟ್ಟಲೆ ಮಲಗಿರಲಾರದು. ಒಂದು ಕಾಲು ನೆಲಕ್ಕೂರದಿದ್ದರೆ ಉಳಿದ ಕಾಲುಗಳ ಮೇಲೆ ಭಾರ ಹೆಚ್ಚಿ, ಗೊರಸಿನೊಳಗಿನ ಪದರ ಉರಿಗೊಂಡು ಬಿಟ್ಟುಕೊಳ್ಳುವ ಲ್ಯಾಮಿನೈಟಿಸ್ ಎಂಬ ಯಾತನೆಯ ರೋಗ ತಗಲುತ್ತದೆ. ಬಾರ್ಬಾರೊ ಸತ್ತದ್ದು ಮುರಿದ ಮೂಳೆಯಿಂದಲ್ಲ, ಇದರಿಂದ.

ಮಳೆಯ ಪಾತ್ರವೂ ಇತ್ತು. ಮಳೆ ಬರುವ ಮುನ್ನ ಮಣ್ಣಿನ ಹಾದಿಯನ್ನು ಉರುಳೆ ಎಳೆದು ಬಿಗಿಗೊಳಿಸಿ, ನಂತರ ಮತ್ತೆ ಸಡಿಲಿಸುವುದು ವಾಡಿಕೆ. ಪದೇ ಪದೇ ಹೀಗೆ ಮಾಡಿದರೆ ನೆಲ ಎಲ್ಲೆಡೆ ಒಂದೇ ಸಮನಾಗಿ ಉಳಿಯುವುದು ಕಷ್ಟ. ಆದರೆ ಹುಲ್ಲುಹಾದಿಯಲ್ಲೂ, ಮಳೆ ನಿಂತ ಮೇ–ಜೂನ್ ದಿನಗಳಲ್ಲೂ ಕುದುರೆಗಳು ಸತ್ತಿರುವುದರಿಂದ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಲಾಗದು. 23 ಸಾವುಗಳನ್ನು ಪರಿಶೀಲಿಸಿ ಮಂಡಳಿಯು 2020ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿ, ಕಾನೂನುಬಾಹಿರ ಔಷಧಗಳ ಸುಳಿವು ಸಿಗಲಿಲ್ಲವೆಂದೂ ಬಹುತೇಕ ಕುದುರೆಗಳ ಮೂಳೆಗಳಲ್ಲಿ ಮೊದಲೇ ಹಾನಿ ಇತ್ತೆಂದೂ ಹೇಳಿತು.

ಹೊಣೆಗಾರಿಕೆ

ಲಾಸ್ ಏಂಜಲೀಸ್ ಕೌಂಟಿಯ ಜಿಲ್ಲಾ ಅಟಾರ್ನಿ ಜಾಕಿ ಲೇಸಿ ಅವರ ಕಚೇರಿ ತನಿಖೆ ನಡೆಸಿ, ಕ್ರಿಮಿನಲ್ ಅಪರಾಧಕ್ಕೆ ಪುರಾವೆಯಿಲ್ಲವೆಂದು 2019ರ ಡಿಸೆಂಬರ್‌ನಲ್ಲಿ ತಿಳಿಸಿತು. ಸುಧಾರಣೆಗಳನ್ನು ಶಿಫಾರಸು ಮಾಡಿ ಕೈತೊಳೆದುಕೊಂಡಿತು. ಮಾಲೀಕ, ತರಬೇತುದಾರ, ಪಶುವೈದ್ಯ, ಜಾಕಿ, ಪಂದ್ಯಾಂಗಣದ ಆಡಳಿತ ಹೀಗೆ ಹಲವು ಕೈಗಳನ್ನು ದಾಟಿ ಕುದುರೆ ಹಾದಿಗೆ ಬರುತ್ತದೆ. ಹೊಣೆಯೂ ಅಷ್ಟೇ ಕೈಗಳಲ್ಲಿ ಹಂಚಿಹೋಗಿ ಕೊನೆಗೆ ಯಾರಲ್ಲೂ ನಿಲ್ಲುವುದಿಲ್ಲ.

ತರಬೇತುದಾರ ಜೆರ್ರಿ ಹಾಲೆಂಡಾರ್ಫರ್ ಅವರ ಪ್ರಸಂಗ ಇದಕ್ಕೆ ನಿದರ್ಶನ. ಪಂದ್ಯಾವಳಿಯಲ್ಲಿ ಅವರ ನಾಲ್ಕು ಕುದುರೆಗಳು ಸತ್ತ ಬಳಿಕ ಜೂನ್ 22ರಂದು ಪಂದ್ಯಾಂಗಣ ಅವರನ್ನು ಹೊರಗಿಟ್ಟಿತು. ಆದರೆ ಅವರು ನಿಯಮ ಮುರಿದರೆಂದು ಮಂಡಳಿ ಹೇಳಿರಲಿಲ್ಲ, ಪರವಾನಗಿಯೂ ರದ್ದಾಗಿರಲಿಲ್ಲ. ಡೆಲ್ ಮಾರ್ ಪಂದ್ಯಾಂಗಣವೂ ಬಾಗಿಲು ಮುಚ್ಚಿದಾಗ ಅವರು ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಓಡಿಸಲು ಅನುಮತಿ ಪಡೆದರು. ಸಾವಿಗೆ ಸ್ಪಷ್ಟ ವಿಚಾರಣಾ ಕ್ರಮವಿಲ್ಲದಿದ್ದರೆ ಕುದುರೆಗೂ ನ್ಯಾಯವಿಲ್ಲ, ಆರೋಪಿತನಿಗೂ ಇಲ್ಲ.

ಆರ್ಥಿಕ ಕಾರಣಗಳನ್ನು ಇದಕ್ಕಿಂತ ಮೊದಲೇ ನ್ಯೂಯಾರ್ಕ್ ಎತ್ತಿ ತೋರಿಸಿತ್ತು. 2011–12ರ ಚಳಿಗಾಲದಲ್ಲಿ ಅಕ್ವಿಡಕ್ಟ್ ಪಂದ್ಯಾಂಗಣದಲ್ಲಿ 21 ಕುದುರೆಗಳು ಸತ್ತವು. ಪಕ್ಕದ ಕ್ಯಾಸಿನೊ ಹಣದಿಂದ ಬಹುಮಾನ ಉಬ್ಬಿ, ಕುದುರೆಯ ಮಾರಾಟ ಬೆಲೆಯನ್ನೇ ಮೀರಿತ್ತು. ಕುಂಟುವ ಕುದುರೆಯನ್ನು ಲಾಯದಲ್ಲಿ ಉಳಿಸುವುದಕ್ಕಿಂತ ಓಡಿಸುವುದೇ ಲಾಭವಾಗಿತ್ತು. ಅವುಗಳಲ್ಲಿ ಅರ್ಧದಷ್ಟನ್ನು ಉಳಿಸಬಹುದಿತ್ತೆಂದು ರಾಜ್ಯದ ತನಿಖಾ ತಂಡ ಅಭಿಪ್ರಾಯಪಟ್ಟಿತು.

ನಂತರದ ಬದಲಾವಣೆಗಳು

ಸಾಂಟಾ ಅನಿಟಾದಲ್ಲಿ ಪಂದ್ಯಪೂರ್ವ ತಪಾಸಣೆ ಬಿಗಿಯಾಯಿತು. ನಿಂತಿರುವ ಕುದುರೆಯ ಗಿಣ್ಣನ್ನೇ ಸ್ಕ್ಯಾನ್ ಮಾಡುವ ಪೆಟ್ ಯಂತ್ರ 2019ರ ಡಿಸೆಂಬರ್‌ನಲ್ಲಿ ಬಂದಿತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಕುದುರೆ ಪಂದ್ಯದ ಪ್ರಾಮಾಣಿಕತೆ ಮತ್ತು ಸುರಕ್ಷತೆಯ ಕಾಯಿದೆಯನ್ನು ಅಂಗೀಕರಿಸಿತು. ಅದರಡಿ ರಚನೆಯಾದ 'ಹೈಸಾ' ಪ್ರಾಧಿಕಾರದ ಸುರಕ್ಷತಾ ನಿಯಮಗಳು 2022ರ ಜುಲೈ 1ರಿಂದ, ಔಷಧ ನಿಯಂತ್ರಣ 2023ರ ಮೇ 22ರಿಂದ ಜಾರಿಗೆ ಬಂದವು. ಚಾವಟಿ ಏಟು ಒಂದು ಪಂದ್ಯದಲ್ಲಿ ಆರಕ್ಕೆ ಸೀಮಿತವಾಯಿತು. ಓಟಕ್ಕೆ ಮುಂಚಿನ 14 ದಿನ ಕೀಲಿಗೆ ಚುಚ್ಚುಮದ್ದು ನಿಷಿದ್ಧವಾಯಿತು. ಚಿಕಿತ್ಸೆಯ ದಾಖಲೆಗಳನ್ನು ಸಲ್ಲಿಸುವುದು ಕಡ್ಡಾಯವಾಯಿತು.

ಕಾಯಿದೆಯಿಂದ ಸಾವು ನಿಲ್ಲಲಿಲ್ಲ. 2023ರ ವಸಂತದಲ್ಲಿ ಕೆಂಟಕಿಯ ಚರ್ಚಿಲ್ ಡೌನ್ಸ್‌ನಲ್ಲಿ 12 ಕುದುರೆಗಳು ಸತ್ತು ಪಂದ್ಯಗಳನ್ನೇ ಎಲ್ಲಿಸ್ ಪಾರ್ಕಿಗೆ ಸ್ಥಳಾಂತರಿಸಬೇಕಾಯಿತು. ಖಾಸಗಿ ಸಂಸ್ಥೆಯೊಂದಕ್ಕೆ ಸರ್ಕಾರದ ಅಧಿಕಾರ ಕೊಟ್ಟದ್ದು ಸಂವಿಧಾನಬದ್ಧವೇ ಎಂಬ ವ್ಯಾಜ್ಯವೂ ಹಲವು ನ್ಯಾಯಾಲಯಗಳಿಗೆ ಹೋಗಿದೆ. ಟೆಕ್ಸಾಸ್‌ನಂತಹ ರಾಜ್ಯಗಳು ಹೈಸಾ ವ್ಯಾಪ್ತಿಯಿಂದ ಹೊರಗುಳಿದಿವೆ.

ಜಾಕಿ ಕ್ಲಬ್ ಸಂಸ್ಥೆಯ ದತ್ತಾಂಶದಂತೆ 2009ರಲ್ಲಿ ಪ್ರತಿ 1,000 ಓಟಗಳಿಗೆ 2.00 ಇದ್ದ ಸಾವಿನ ಪ್ರಮಾಣ 2019ರಲ್ಲಿ 1.53ಕ್ಕೆ ಇಳಿಯಿತು. 2024ರಲ್ಲಿ ಹೈಸಾ ನಿಯಮ ಪಾಲಿಸುವ ಅಂಗಣಗಳಲ್ಲಿ ಅದು 0.90, ಉಳಿದೆಡೆ 1.76. ಈ ಲೆಕ್ಕಕ್ಕೆ ಸೇರುವುದು ಪಂದ್ಯದ ಗಾಯದಿಂದಾದ ಸಾವುಗಳು ಮಾತ್ರ. ಪ್ರಿನ್ಸೆಸ್ ಲಿಲಿ ಬಿ ಮತ್ತು ಬ್ಯಾಟಲ್ ಆಫ್ ಮಿಡ್‌ವೇಗಳಂತೆ ಬೆಳಗಿನ ತಾಲೀಮಿನಲ್ಲಿ ಬಿದ್ದವು ಇದರಲ್ಲಿ ಕಾಣಿಸುವುದಿಲ್ಲ.